ಚಿತ್ರದ ಬೆನ್ನಿಗೆ ನಾಲ್ಕು ಸಾಲು

ನಂಜನಗೂಡಿನ ಹಳೆಯ ಕಲ್ಲು ಸೇತುವೆಯನ್ನು 1735ರಲ್ಲಿ ಕಟ್ಟಿಸಿದವರು ಮೈಸೂರಿನ ದಳವಾಯಿ ದೇವರಾಜಯ್ಯ. ಎತ್ತಿನ ಗಾಡಿಗೆ, ಕುದುರೆಗೆ, ನಡೆದು ಹೋಗುವವರಿಗೆ ಎಂದು ಕಟ್ಟಿದ ಸೇತುವೆಯ ಮೇಲೆ ಮುಂದೆ ರೈಲು ಹಳಿಯೂ ಬಂದು ಕೂತಿತು. ಬಹುಕಾಲ ರೈಲು, ಬಸ್ಸು, ಗಾಡಿ ಎಲ್ಲವೂ ಇದೇ ಕಲ್ಲಿನ ಮೇಲೆ ಕಪಿಲೆಯನ್ನು, ಅಂದರೆ ಕಬಿನಿ ಹೊಳೆಯನ್ನು, ದಾಟಿದವು. ಈಗ ಅವಕ್ಕೆಲ್ಲ ಬೇರೆ ಸೇತುವೆಗಳಿವೆ. ಹಳೆಯದು ಹೊಳೆಯಲ್ಲಿ ಕಾಲೂರಿ ನಿಂತಿದೆ.

"ಈ ಸೇತುವೆ ಬಗ್ಗೆ ನೀನು ಎರಡು ಪುಟ ಬರಿ. ನಾನು ಒಂದು ಫೋಟೋ ತೆಗೀತೀನಿ. ಈ ಊರನ್ನೇ ನೋಡದೆ ಇರೋರಿಗೆ ಯಾವುದು ಬೇಗ ಮುಟ್ಟುತ್ತೆ ಹೇಳು," ಎಂದರು ಮಾವ.

ಮಾವ ಬ್ಯಾಂಕಿನಿಂದ ನಿವೃತ್ತರಾದವರು. ಅವರ ಕೈಗೆ ಕ್ಯಾಮೆರಾ ಬಂದದ್ದು ರೀಲಿನ ಕಾಲದಲ್ಲಿ. ಜತೆಗಿದ್ದ ಅಕ್ಕನ ಮಗಳು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವಾಕೆ. ಎಲ್ಲಿಗೆ ಹೋದರೂ ಆಕೆಯ ಚೀಲದಲ್ಲಿ ಒಂದು ನೋಟ್‌ಬುಕ್ಕು ಇರುತ್ತದೆ. ಆ ದಿನ ಇಬ್ಬರೂ ಹೊರಟಿದ್ದು ಕಪಿಲೆಯ ಜಾಡಿನಲ್ಲಿ, ನಂಜನಗೂಡಿನಿಂದ ತಿರುಮಕೂಡಲು ನರಸೀಪುರಕ್ಕೆ, ಹೊಳೆ ಕಾವೇರಿಯನ್ನು ಕೂಡುವ ತನಕ. ಪ್ರವಾಸ ಉಳಿಯುವುದು ಚಿತ್ರದಲ್ಲೋ ಬರಹದಲ್ಲೋ ಎಂಬ ವಾದ ಸೇತುವೆಯ ಬುಡದಲ್ಲೇ ಶುರುವಾಯಿತು.

"ಕಂಬ ಹೇಗಿದೆ, ಕಲ್ಲು ಎಷ್ಟು ಸವೆದಿದೆ ಅನ್ನೋದು ನಿಮ್ಮ ಫೋಟೋದಿಂದಲೇ ಬೇಗ ಗೊತ್ತಾಗೋದು ಮಾವ, ಅದರಲ್ಲಿ ಎರಡು ಮಾತಿಲ್ಲ," ಎಂದಳು ಆಕೆ. "ಆದ್ರೆ ಇದರ ಮೇಲೆ ರೈಲೂ ಬಸ್ಸೂ ಎರಡೂ ಹೋಗ್ತಿತ್ತು ಅನ್ನೋದನ್ನ ಇವತ್ತು ತೆಗೆದ ಫೋಟೋ ಹೇಳಲ್ಲ. ಅವಾಗಲೇ ಯಾರಾದ್ರೂ ತೆಗೆದಿದ್ದಿದ್ರೆ ಅದು ಹೇಳ್ತಿತ್ತು."

"ನಾನೇ ತೆಗೆದಿದ್ದೀನಲ್ಲ! ಮನೇಲಿ ಆಲ್ಬಮ್‌ನಲ್ಲಿದೆ. ಸೇತುವೆ ಮೇಲೆ ರೈಲು, ಈ ಕಡೆ ಬಸ್ಸು."

"ಯಾವ ವರ್ಷ?"

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಬಸ್ಸಿನ ನಂಬರ್ ಪ್ಲೇಟ್‌ನಲ್ಲಿ ಕೆಎ ಇಲ್ಲ. ಹಂಗಾದ್ರೆ ಬಸ್ಸು ತೊಂಬತ್ತರ ದಶಕಕ್ಕಿಂತ ಹಿಂದಿನದು. ಕಪ್ಪು ಬಿಳುಪು ರೀಲು. ಇಷ್ಟು ಹೇಳಬಹುದು."

ಹಳೆಯ ಚಿತ್ರಕ್ಕೆ ಕಾಲ ಕಟ್ಟುವ ಕ್ರಮವೇ ಹೀಗೆ. ನಂಬರ್ ಪ್ಲೇಟು, ಗೋಡೆಗೆ ಅಂಟಿಸಿದ ಸಿನಿಮಾ ಪೋಸ್ಟರು, ವಿದ್ಯುತ್ ಕಂಬ ಬಂದಿದೆಯೋ ಇಲ್ಲವೋ, ಅಂಗಡಿಯ ಬೋರ್ಡು, ಹೆಂಗಸರ ರವಿಕೆಯ ತೋಳು, ಗಂಡಸರ ಪ್ಯಾಂಟಿನ ಅಗಲ, ಪ್ರಿಂಟಿನ ಹಿಂದೆ ಸ್ಟುಡಿಯೋದವರು ಒತ್ತಿದ ಮೊಹರು, ಇವೆಲ್ಲ ಸಾಕ್ಷಿ ಹೇಳುತ್ತವೆ. ಇತಿಹಾಸ ಬರೆಯುವವರು, ಮನೆತನದ ಕಥೆ ಹುಡುಕುವವರು ಈ ಸಣ್ಣ ಗುರುತುಗಳನ್ನೇ ಹಿಡಿದು ಒಂದು ದಶಕದ ಒಳಗೆ ಬಂದು ನಿಲ್ಲುತ್ತಾರೆ. ಪ್ರಿಂಟಿನ ಹಿಂದೆ ಒಂದು ತಾರೀಖು ಇದ್ದಿದ್ದರೆ ಈ ಹುಡುಕಾಟವೇ ಬೇಡವಾಗುತ್ತಿತ್ತು.

"ಬರಹಗಾರರೂ ತಾರೀಖು ಮರೀತಾರೆ ಬಿಡು," ಎಂದರು ಮಾವ.

"ಮರೆಯದೆ ಇದ್ದ ಒಬ್ಬ ಇಲ್ಲೇ ಓಡಾಡಿದ್ದ ಮಾವ. ಫ್ರಾನ್ಸಿಸ್ ಬುಕಾನನ್."

1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ವೈದ್ಯ ಬುಕಾನನ್ 1800ರಲ್ಲಿ ಮದರಾಸಿನಿಂದ ಹೊರಟು ಮೈಸೂರು ಸೀಮೆ, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿದ. ಕಾವೇರಿಯ ತೆಂಕಣ ಭಾಗದಲ್ಲೂ ಓಡಾಡಿದ. ಆ ಪ್ರವಾಸದ ದಿನಚರಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಛಾಯಾಗ್ರಹಣದ ವಿದ್ಯೆ ಲೋಕಕ್ಕೆ ಪ್ರಕಟವಾದದ್ದೇ 1839ರಲ್ಲಿ. ಅಂದಮೇಲೆ ಬುಕಾನನ್ನನ ಕೈಯಲ್ಲಿದ್ದದ್ದು ಬರವಣಿಗೆ ಮಾತ್ರ. ಅದರಲ್ಲೇ ಆತ ದಿನಕ್ಕೆ ದಿನ ಎಲ್ಲಿಂದ ಎಲ್ಲಿಗೆ ನಡೆದೆ, ಮಣ್ಣಿನ ಬಣ್ಣ ಯಾವುದು, ಯಾವ ಕೆರೆಯಲ್ಲಿ ನೀರಿದೆ, ರಾಗಿ ಭತ್ತ ಎಷ್ಟು ಬಿತ್ತಿದರೆ ಎಷ್ಟು ಬರುತ್ತದೆ, ಆ ಊರಿನ ಸೇರು ಕೊಳಗ ಎಷ್ಟು ಎಂದು ದಾಖಲಿಸಿದ.

"ನೀನು ಹೊಗಳೋದು ಕಂಪನಿ ಸರ್ಕಾರಕ್ಕೆ ಕಂದಾಯದ ಲೆಕ್ಕ ಒಪ್ಪಿಸೋಕೆ ಬಂದವನನ್ನ," ಎಂದು ಮಾವ ಆಕ್ಷೇಪಿಸಿದರು.

"ಹೌದು. ದುಬಾಷಿಯನ್ನ ಇಟ್ಟುಕೊಂಡು ಕೇಳ್ತಿದ್ದ. ಗೆದ್ದವರ ಕಡೆಯವನು ಬಂದು ಬೆಳೆ ಎಷ್ಟು ಅಂದಾಗ ರೈತ ಎಷ್ಟು ನಿಜ ಹೇಳಿರಬಹುದು ಅನ್ನೋ ಅನುಮಾನ ಇಟ್ಟುಕೊಂಡೇ ಓದಬೇಕು. ಆದ್ರೆ ನೋಡಿ, ದಿನ, ಜಾಗ, ಹೇಳಿದವರು ಯಾರು, ಇಷ್ಟನ್ನ ಬರೆದಿಟ್ಟಿದ್ದರಿಂದಲೇ ನಾವು ಇವತ್ತು ಅವನನ್ನ ಅನುಮಾನಿಸೋಕಾದ್ರೂ ಸಾಧ್ಯ. 'ಬಹಳ ರಮಣೀಯವಾದ ಪ್ರದೇಶ' ಅಂತ ಬರೆದು ಹೋಗಿದ್ರೆ ಒಪ್ಪೋಕೂ ಏನಿರ್ತಿರಲಿಲ್ಲ, ತೆಗಳೋಕೂ ಏನಿರ್ತಿರಲಿಲ್ಲ."

ಹೊರಗಿನವರು ಬರೆದ ಇಂಥ ಪ್ರವಾಸ ಕಥನಗಳ ಬೆಲೆಯನ್ನು ಕನ್ನಡದಲ್ಲಿ ಚೆನ್ನಾಗಿ ಅರಿತವರು ಎಚ್.ಎಲ್. ನಾಗೇಗೌಡರು. ಜಾನಪದ ಲೋಕವನ್ನು ಕಟ್ಟಿದ ಅವರೇ, ಭಾರತಕ್ಕೆ ಬಂದುಹೋದ ವಿದೇಶಿ ಪ್ರವಾಸಿಗರ ಬರಹಗಳನ್ನು 'ಪ್ರವಾಸಿ ಕಂಡ ಇಂಡಿಯಾ' ಎಂದು ಸಂಪುಟ ಸಂಪುಟವಾಗಿ ಕನ್ನಡಕ್ಕೆ ತಂದರು. ಹಾದು ಹೋಗುವವನ ಕಣ್ಣಿಗೆ ಬಿದ್ದದ್ದು ಊರಿನವರಿಗೆ ಎಷ್ಟೋ ಸಲ ಮಾಮೂಲಿಯಾಗಿರುತ್ತದೆ. ಮಾಮೂಲಿ ಎಂಬ ಕಾರಣಕ್ಕೇ ಊರಿನವರು ಅದನ್ನು ಬರೆದಿಡುವುದಿಲ್ಲ.

ನಂಜುಂಡನೆಂದು ಕರೆಸಿಕೊಳ್ಳುವ ಶ್ರೀಕಂಠೇಶ್ವರನ ದೇವಸ್ಥಾನದ ಮುಂದೆ ಬಂದಾಗ ಮಾವ ಕ್ಯಾಮೆರಾವನ್ನು ಚೀಲಕ್ಕೆ ಹಾಕಿದರು. ಮುಜರಾಯಿ ದೇವಸ್ಥಾನಗಳ ಒಳಗೆ ಮೊಬೈಲ್ ಬಳಸಬಾರದೆಂದು 2023ರಲ್ಲಿ ಆದೇಶವಾಗಿದೆ. ಏಳು ನೆಲೆಯ ಮಹಾಗೋಪುರವನ್ನು ಹೊರಗಿನಿಂದ ಎಷ್ಟು ಬೇಕಾದರೂ ತೆಗೆಯಬಹುದು, ತೆಗೆಯದವರೂ ಇಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವೀರಮ್ಮಣ್ಣಿಯವರ ಕಾಲದ ಈ ಗೋಪುರ ನಂಜನಗೂಡಿನ ಪ್ರತಿ ಆಲ್ಬಮ್‌ನಲ್ಲೂ ಇದೆ. ಒಳಗಿನದೇ ಬೇರೆ.

ಒಂದು ಸುತ್ತು ಮುಗಿಸಿ ಹೊರಗೆ ಬಂದು ಕಟ್ಟೆಯ ಮೇಲೆ ಕೂತವಳೇ ಆಕೆ ನೋಟ್‌ಬುಕ್ ತೆಗೆದು ಬರೆಯತೊಡಗಿದಳು. ಕಲ್ಲಿನ ತಣುಪು ಎಲ್ಲಿಂದ ಶುರುವಾಯಿತು, ಎಣ್ಣೆ ದೀಪದ ಮತ್ತು ವಿಭೂತಿಯ ವಾಸನೆ ಎಲ್ಲಿ ಬೆರೆಯಿತು, ಪುರಾತನರ ವಿಗ್ರಹಗಳ ಸಾಲಿನ ಮುಂದೆ ಒಬ್ಬ ಅಜ್ಜಿ ಮೊಮ್ಮಗನಿಗೆ ಒಬ್ಬೊಬ್ಬರ ಹೆಸರು ಹೇಳುತ್ತಿದ್ದದ್ದು. ಟಿಪ್ಪು ಸುಲ್ತಾನ್ ಒಪ್ಪಿಸಿದ ಪಚ್ಚೆ ಲಿಂಗದ ಕಥೆಯನ್ನು ಸಾಲಿನಲ್ಲಿ ನಿಂತವರೊಬ್ಬರು ಹೇಳಿದ ರೀತಿಯನ್ನೂ ಬರೆದಳು. ಅರಮನೆಯ ಆನೆಯ ಕಣ್ಣಿನ ಬೇನೆ ನಂಜುಂಡನ ಹರಕೆಯಿಂದ ವಾಸಿಯಾಯಿತೆಂಬ, ಅದರಿಂದಲೇ ದೇವರು 'ಹಕೀಂ ನಂಜುಂಡ'ನಾದನೆಂಬ ಪ್ರತೀತಿ ಅದು.

"ಇದೆಲ್ಲ ಗೊತ್ತಿರೋ ಕಥೇನೇ ಅಲ್ವೇನೇ? ಸ್ಥಳ ಪುರಾಣದ ಪುಸ್ತಕದಲ್ಲಿ ಐದಾರು ರೂಪಾಯಿಗೆ ಸಿಗ್ತಿತ್ತು," ಎಂದರು ಮಾವ.

"ಕಥೆ ಗೊತ್ತಿರೋದೇ. ಅದನ್ನ ಇವತ್ತು ಹೇಳಿದವರು ಯಾರು, ಯಾವ ಊರಿನವರು, ಹೇಳುವಾಗ ಏನು ಸೇರಿಸಿದ್ರು, ಏನು ಬಿಟ್ರು ಅನ್ನೋದು ಪುಸ್ತಕದಲ್ಲಿಲ್ಲ. ಅದಕ್ಕೇ ಬರ್ಕೊಂಡೆ."

"ಒಂದು ವಿಷಯ ಒಪ್ತೀನಿ. ಅಂಗಳದಲ್ಲಿ ಉರುಳು ಸೇವೆ ಮಾಡ್ತಿದ್ದ ಆ ಹುಡುಗನ್ನ ನೋಡ್ದಾಗ ನನ್ನ ಕೈ ಕ್ಯಾಮೆರಾ ಹುಡುಕಿತು. ಆದೇಶ ಇಲ್ಲದೆ ಇದ್ದಿದ್ರೂ ನಾನು ತೆಗೀಬಾರದಿತ್ತು. ಒದ್ದೆ ಬಟ್ಟೇಲಿ, ಕಣ್ಣು ಮುಚ್ಚಿ, ಏನು ಕಷ್ಟ ಬಂದಿತ್ತೋ ಏನು ಹರಕೆಯೋ. ಅವನ ಮುಖ ನನ್ನ ಆಲ್ಬಮ್‌ಗೆ ಬರಬೇಕಾದ ಅಗತ್ಯ ಇಲ್ಲ."

"ಬರೆಯೋಳಿಗೂ ಆ ಮಾತು ಅನ್ವಯಿಸುತ್ತೆ ಮಾವ. ಹರಕೆ ಹೊತ್ತವರ ಗುರುತು ಸಿಗೋ ಹಾಗೆ ನಾನೂ ಬರೆಯಲ್ಲ."

ದೊಡ್ಡ ಜಾತ್ರೆಯ ಮಾತು ಬಂತು. ಗಣಪತಿ, ಶ್ರೀಕಂಠೇಶ್ವರ, ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರ ಎಂದು ಐದು ತೇರುಗಳು ಒಂದರ ಹಿಂದೆ ಒಂದು ರಥಬೀದಿಯಲ್ಲಿ ಸಾಗುವ ಪಂಚ ಮಹಾರಥೋತ್ಸವ ಅದು. ಎಲ್ಲರ ಕ್ಯಾಮೆರಾವೂ ಶ್ರೀಕಂಠೇಶ್ವರನ ಗೌತಮ ರಥದ ಕಳಶದ ಕಡೆಗೇ ತಿರುಗಿರುತ್ತದೆ ಎಂದರು ಮಾವ. ತಾವು ಮಾತ್ರ ಚಕ್ರದ ಬುಡಕ್ಕೆ ಮರದ ತುಂಡು ಕೊಟ್ಟು ತೇರಿನ ದಿಕ್ಕು ತಿರುಗಿಸುವವರ ಕೈಗಳನ್ನು, ಹಗ್ಗ ಹಿಡಿದವರ ಅಂಗೈಗಳನ್ನು, ಹಣ್ಣು ಜವನ ಎಸೆಯಲು ಗಂಡನ ಹೆಗಲು ಹಿಡಿದು ತುದಿಗಾಲಲ್ಲಿ ನಿಂತ ಹೊಸ ಮದುಮಗಳನ್ನು ತೆಗೆಯುತ್ತಾ ಬಂದಿರುವುದಾಗಿ ಹೇಳಿದರು. "ಕಳಶ ಮುಂದಿನ ವರ್ಷವೂ ಹಂಗೇ ಇರುತ್ತೆ. ಹಗ್ಗ ಹಿಡಿದವರು ಬದಲಾಗ್ತಾರೆ."

ಆಕೆಗೆ ಈ ಮಾತು ಹಿಡಿಸಿತು. "ಹಾಗಾದ್ರೆ ನಾವಿಬ್ಬರೂ ಬೇರೆ ಬೇರೆ ಏನೂ ಹೇಳ್ತಿಲ್ಲ. ಬದಲಾಗೋದನ್ನ ಹಿಡೀಬೇಕು ಅನ್ನೋದರಲ್ಲಿ ಒಪ್ಪಿದ್ದೀವಿ."

"ಬಾ, ಬದಲಾಗೋದು ಅಂದ್ರೆ ಏನು ಅಂತ ತೋರಿಸ್ತೀನಿ," ಎಂದು ಮಾವ ಆಕೆಯನ್ನು ಸ್ನಾನಘಟ್ಟಕ್ಕೆ ಕರೆದುಕೊಂಡು ಹೋದರು.

ಕಪಿಲೆಯ ದಡದ ಹದಿನಾರು ಕಾಲು ಮಂಟಪ ನಂಜನಗೂಡಿನವರಿಗೆ ಮಳೆಗಾಲದ ಅಳತೆಗೋಲು. ಕೇರಳದ ವಯನಾಡಿನಲ್ಲಿ ಜೋರು ಮಳೆಯಾಗಿ, ಕಬಿನಿ ಜಲಾಶಯ ತುಂಬಿ, ಹೊರಕ್ಕೆ ನೀರು ಬಿಟ್ಟರೆ ಹೊಳೆ ಮೆಟ್ಟಿಲು ಹತ್ತುತ್ತದೆ. 2018ರಲ್ಲೂ 2019ರಲ್ಲೂ ಪ್ರವಾಹದ ನೀರು ಸ್ನಾನಘಟ್ಟವನ್ನೂ ಮಂಟಪವನ್ನೂ ನುಂಗಿತ್ತು. ಮಾವ ಮಂಟಪದ ಚಿತ್ರವನ್ನು ಬೇಸಿಗೆಯಲ್ಲಿ, ಮಳೆಗಾಲದಲ್ಲಿ, ಒಂದೇ ಮೆಟ್ಟಿಲ ಮೇಲೆ ನಿಂತು, ಒಂದೇ ದಿಕ್ಕಿಗೆ ಕ್ಯಾಮೆರಾ ಹಿಡಿದು ತೆಗೆದಿದ್ದರು. ಬೇರೆ ಬೇರೆ ಕಾಲದಲ್ಲಿ ಒಂದೇ ಚೌಕಟ್ಟಿನಿಂದ ಒಂದೇ ಜಾಗವನ್ನು ತೆಗೆಯುವ ಈ ಕ್ರಮವನ್ನು ಕರಗುವ ಹಿಮನದಿಗಳನ್ನು ಅಭ್ಯಾಸ ಮಾಡುವ ವಿಜ್ಞಾನಿಗಳೂ ಬಳಸುತ್ತಾರೆ. ಒಂದು ಚಿತ್ರವನ್ನು ಇನ್ನೊಂದರ ಪಕ್ಕಕ್ಕಿಟ್ಟರೆ ಆಗಿರುವ ವ್ಯತ್ಯಾಸ ತಾನಾಗಿ ಕಾಣುತ್ತದೆ.

"ಇದಕ್ಕೆ ನಿನ್ನ ಬರಹ ಬೇಡ ನೋಡು," ಎಂದರು.

"ಬೇಕು. ಜಲಾಶಯದಿಂದ ನೀರು ಬಿಟ್ಟು ಎಷ್ಟು ಹೊತ್ತಾಗಿತ್ತು? ನೀರು ಏರ್ತಿತ್ತೋ ಇಳೀತಿತ್ತೋ? ನೀವು ನಿಂತ ಮೆಟ್ಟಿಲು ಮೇಲಿಂದ ಎಷ್ಟನೇದು? ನೀವು ಇಲ್ಲದಾಗ ಆ ಜಾಗಕ್ಕೆ ಇನ್ನೊಬ್ಬರು ಹೋಗಿ ನಿಲ್ಲಬೇಕಾದ್ರೆ ಅವರಿಗೆ ಹೇಗೆ ಗೊತ್ತಾಗಬೇಕು?"

ಮಾವ ತಾವು ನಿಲ್ಲುವ ಮೆಟ್ಟಿಲಿಗೆ ಹೋಗಿ ನಿಂತರು. ಆಕೆ ಮೇಲಿನಿಂದ ಎಣಿಸಿ ಬರೆದುಕೊಂಡಳು. ಎಡಗಡೆ ಕಾಣುವ ಕಂಬ, ಬಲಗಡೆಯ ಮರ, ಹೊತ್ತು, ಕ್ಯಾಮೆರಾ ಹಿಡಿದ ಎತ್ತರ ಎಲ್ಲವೂ ನೋಟ್‌ಬುಕ್ಕಿಗೆ ಬಂದವು. ಅಷ್ಟು ದಿನ ಮಾವನ ತಲೆಯಲ್ಲಿ ಮಾತ್ರ ಇದ್ದದ್ದು ಹೀಗೆ ಬೇರೆಯವರ ಕೈಗೂ ಸಿಗುವಂತಾಯಿತು.

ನಂಜನಗೂಡು ಬಿಟ್ಟ ಬಸ್ಸು ಸುತ್ತೂರಿನ ಕಡೆಗೆ ತಿರುಗಿತು. ಕಂಡಕ್ಟರ್ ಯಂತ್ರದಿಂದ ಹರಿದುಕೊಟ್ಟ ಟಿಕೆಟ್ಟನ್ನು ಆಕೆ ನೋಟ್‌ಬುಕ್ಕಿನ ನಡುವೆ ಇಟ್ಟು, ಪಕ್ಕದಲ್ಲೇ ದರ, ಹೊತ್ತು, ಊರು ಬರೆದಳು. ಟಿಕೆಟ್ಟನ್ನೇ ಇಟ್ಟ ಮೇಲೆ ಮತ್ತೆ ಯಾಕೆ ಬರೆಯುವುದು ಎಂದು ಮಾವ ಕೇಳಿದರು. ಶಾಖಕ್ಕೆ ಅಕ್ಷರ ಮೂಡುವ ಕಾಗದ ಅದು. ಬಿಸಿಲಿಗೆ, ಅಂಟಿಗೆ, ಕಾಲಕ್ಕೆ ಅಕ್ಷರ ಮಾಸಿ ಕೊನೆಗೆ ಬಿಳಿ ಚೀಟಿಯಷ್ಟೇ ಉಳಿಯುತ್ತದೆ. ಹಿಂದಿನ ಅಚ್ಚಿನ ಟಿಕೆಟ್ಟುಗಳು ಹಳದಿಯಾದರೂ ಅಕ್ಷರ ಬಿಡುತ್ತಿರಲಿಲ್ಲ.

"ಫೋಟೋದ ಗತಿಯೂ ಇದೇ," ಎಂದು ಮಾವ ತಮ್ಮ ವಿದ್ಯೆಗೆ ಬಂದರು. "ಕಪ್ಪು ಬಿಳುಪು ಪ್ರಿಂಟ್ ಬೆಳ್ಳಿಯದು, ಸರಿಯಾಗಿ ತೊಳೆದಿದ್ರೆ ಮೊಮ್ಮಕ್ಕಳ ಕಾಲಕ್ಕೂ ಬರುತ್ತೆ. ಎಪ್ಪತ್ತು ಎಂಬತ್ತರ ದಶಕದ ಕಲರ್ ಪ್ರಿಂಟ್‌ಗಳನ್ನ ನೋಡು, ಎಷ್ಟೋ ಮನೇಲಿ ಕೆಂಪಗೆ ತಿರುಗಿವೆ. ಅಂಟು ಹಾಳೆಯ ಆಲ್ಬಮ್ ಅಂತೂ ಫೋಟೋನೇ ತಿನ್ನುತ್ತೆ. ಕೀಳೋಕೆ ಹೋದ್ರೆ ಮುಖ ಹಾಳೆಗೇ ಅಂಟ್ಕೊಂಡು ಬರುತ್ತೆ."

"ಹಿಂದುಗಡೆ ಬರೆಯೋಕೆ?"

"ಮೆತ್ತನೆ ಪೆನ್ಸಿಲ್. ಬಾಲ್ ಪೆನ್ನು ಒತ್ತಿದ್ರೆ ಮುಂದಕ್ಕೆ ಮೂಡುತ್ತೆ, ಇಂಕು ಪಕ್ಕದ ಫೋಟೋಗೆ ಹತ್ತುತ್ತೆ. ಅಂಚಿನಲ್ಲಿ ಹಗುರಕ್ಕೆ ಬರೀಬೇಕು."

"ಗೊತ್ತಿದ್ದೂ..." ಎಂದು ಆಕೆ ಮಾತು ಅರ್ಧಕ್ಕೆ ನಿಲ್ಲಿಸಿದಳು. ಮಾವ ನಕ್ಕರು.

ಬಸ್ಸಿನ ಕಿಟಕಿಯಾಚೆ ಕಬ್ಬು, ಭತ್ತ, ನಡುನಡುವೆ ಬಾಳೆ ತೋಟ ಹಾದು ಹೋಗುತ್ತಿದ್ದವು. ಮಾವ ಮೈಸೂರಿನ ಟಿ.ಎಸ್. ಸತ್ಯನ್ ಅವರ ವಿಷಯ ತೆಗೆದರು. 1923ರಲ್ಲಿ ಹುಟ್ಟಿ 2009ರವರೆಗೆ ಬದುಕಿದ ಸತ್ಯನ್ ದೇಶದ ದೊಡ್ಡ ಸುದ್ದಿಚಿತ್ರಗಾರರಲ್ಲಿ ಒಬ್ಬರು. 1977ರಲ್ಲಿ ಪದ್ಮಶ್ರೀ ಬಂತು. ಅವರು ತೆಗೆದ ಮಕ್ಕಳ ಚಿತ್ರಗಳನ್ನು ಮಕ್ಕಳ ವರ್ಷವಾದ 1979ರಲ್ಲಿ ಯುನಿಸೆಫ್ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶಿಸಿತು. ರಾಜಕಾರಣಿಗಳನ್ನೂ ತೆಗೆದರು, ಆದರೆ ಅವರ ಮನಸ್ಸು ನಿಂತದ್ದು ಬೀದಿಯ ಸಾಮಾನ್ಯರ ಮೇಲೆ. ತಮ್ಮ ಟಿ.ಎಸ್. ನಾಗರಾಜನ್ ಕೂಡ ಹೆಸರಾಂತ ಛಾಯಾಗ್ರಾಹಕರು. ದೇಶ ಸುತ್ತಿ ಹಳೆಯ ಕಾಲದ ಮನೆಗಳ ಒಳಾಂಗಣವನ್ನು, ಅವು ಕಣ್ಮರೆಯಾಗುವ ಮುಂಚೆ, ತೆಗೆದಿಟ್ಟವರು.

"ಸತ್ಯನ್ ಕೂಡ ಕೊನೆಗೆ ಬರೆದರಲ್ಲ ಮಾವ," ಎಂದಳು ಆಕೆ. "ಆತ್ಮಕಥೆಯನ್ನೇ ಬರೆದರು. ಅಷ್ಟೊಂದು ಚಿತ್ರ ತೆಗೆದವರಿಗೂ ಚಿತ್ರದ ಹಿಂದಿನದನ್ನ ಮಾತಲ್ಲಿ ಹೇಳಬೇಕು ಅನ್ನಿಸಿತು."

"ಬರೆಯೋರಿಗೂ ಚಿತ್ರ ಬೇಕು ಅನ್ನಿಸಿದೆ. ಕೃಷ್ಣಾನಂದ ಕಾಮತರು?"

ಹೊನ್ನಾವರದ ಕಡೆಯ ಕೃಷ್ಣಾನಂದ ಕಾಮತರು ವಿಜ್ಞಾನಿ. ಬರವಣಿಗೆ, ಛಾಯಾಗ್ರಹಣ, ರೇಖಾಚಿತ್ರ ಮೂರನ್ನೂ ಒಂದೇ ಪ್ರವಾಸದಲ್ಲಿ ಮಾಡಿದವರು. 'ನಾನೂ ಅಮೆರಿಕೆಗೆ ಹೋಗಿದ್ದೆ', 'ಬಸ್ತರ ಪ್ರವಾಸ', 'ವಂಗದರ್ಶನ'ಗಳಂಥ ಅವರ ಪುಸ್ತಕಗಳನ್ನು ಓದಿದವರಿಗೆ ಗೊತ್ತು, ಅವರ ಕಣ್ಣು ಬೀಳುತ್ತಿದ್ದದ್ದು ಜನ ಬಳಸುವ ಪಾತ್ರೆ, ತೊಡುವ ಒಡವೆ, ಸಂತೆಯ ಸರಕು, ಗೋಡೆಯ ಚಿತ್ತಾರಗಳ ಮೇಲೆ. ಮೈಸೂರಿನವರಿಗೆ ಇನ್ನೊಂದು ಜೋಡಿಯೂ ನೆನಪಿಗೆ ಬರುತ್ತದೆ. ಕರ್ನಾಟಕವನ್ನು ಸುತ್ತಿ ಆರ್.ಕೆ. ನಾರಾಯಣ್ ಇಂಗ್ಲಿಷಿನಲ್ಲಿ ಬರೆದ, 1977ರಲ್ಲಿ ಹೊರಬಂದ 'ದಿ ಎಮರಾಲ್ಡ್ ರೂಟ್' ಪುಸ್ತಕಕ್ಕೆ ಗೆರೆ ಹಾಕಿದವರು ತಮ್ಮ ಲಕ್ಷ್ಮಣ್.

ತಿರುಮಕೂಡಲಿನಲ್ಲಿ ಇಳಿದು, ಹೊಳೆಯ ದಂಡೆಗೆ ಹೋಗುವ ಮೊದಲು ಇಬ್ಬರೂ ಕಾಫಿ ಕುಡಿಯುತ್ತಾ ಕೂತರು. ಈ ದಂಡೆಯಲ್ಲಿ ಅಚ್ಚುಕಟ್ಟಾಗಿ ದಾಖಲೆ ಮಾಡಿದವರು ಪ್ರವಾಸಿಗರಲ್ಲ, ಅಗೆಯಲು ಬಂದವರು. ಮೈಸೂರು ವಿಶ್ವವಿದ್ಯಾನಿಲಯದ ಎಂ. ಶೇಷಾದ್ರಿಯವರು 1959-60ರಲ್ಲಿ ಮತ್ತು 1961-62ರಲ್ಲಿ ಇಲ್ಲಿ ಉತ್ಖನನ ಮಾಡಿದರು. ನವಶಿಲಾಯುಗದ ಜನವಸತಿ, ಸಮಾಧಿ, ಮಡಕೆಗಳ ಜತೆಗೆ ಮಣ್ಣಿನ ತಲೆದಿಂಬೂ ಸಿಕ್ಕಿತು. ಅಂಥದೇ ತಲೆದಿಂಬು ಹತ್ತಿರದ ಹೆಮ್ಮಿಗೆಯಲ್ಲೂ ದೊರೆತಿದೆ. ವರದಿ 1971ರಲ್ಲಿ ಪ್ರಕಟವಾಯಿತು.

"ಅಗೆಯೋರ ಫೋಟೋಗಳಲ್ಲಿ ಒಂದು ಕ್ರಮ ಇರುತ್ತೆ ನೋಡಿದ್ದೀರಾ?" ಆಕೆ ಕೇಳಿದಳು. "ಪಕ್ಕದಲ್ಲಿ ಒಂದು ಅಳತೆ ಪಟ್ಟಿ ಇಟ್ಟಿರ್ತಾರೆ. ಯಾವ ಗುಂಡಿ, ಯಾವ ಪದರ ಅಂತ ಚೀಟಿಯೂ ಇರುತ್ತೆ. ಒಂದು ಪದರ ಅಗೆದ ಮೇಲೆ ಅದು ಹೋಯ್ತು, ಮತ್ತೆ ನೋಡೋಕೆ ಆಗಲ್ಲ. ಅದಕ್ಕೇ ಚಿತ್ರ, ನಕ್ಷೆ, ಬರಹ ಮೂರೂ ಸೇರಿ ಸಾಕ್ಷಿ ಹೇಳಬೇಕು."

"ಪ್ರವಾಸಕ್ಕೆ ಹೋದವರು ಅಳತೆ ಪಟ್ಟಿ ಹಿಡ್ಕೊಂಡು ಹೋಗಬೇಕಾ? ಖುಷಿಗೆ ಹೋಗೋದು ಕಣೇ."

"ಖುಷಿಗೇ. ಆದ್ರೆ ಪಕ್ಕದಲ್ಲಿ ಒಬ್ಬ ಮನುಷ್ಯ ನಿಂತ್ರೆ ಅವನೇ ಅಳತೆ. ತೇರಿನ ಚಕ್ರದ ಪಕ್ಕ ಒಂದು ಮಗು ನಿಂತಿರೋ ಫೋಟೋ ನಿಮ್ಮದೇ ಇದೆ. ಚಕ್ರ ಎಷ್ಟು ದೊಡ್ಡದು ಅಂತ ನಾನು ಯಾರನ್ನೂ ಕೇಳಬೇಕಾಗಿಲ್ಲ."

ಅಲ್ಲಿಂದ ಸೋಮನಾಥಪುರ ಹತ್ತಿರ. ಹೊಳೆಗಿಂತ ಮೊದಲು ಅಲ್ಲಿಗೆ ಹೋದರು. ಹೊಯ್ಸಳರ ಮೂರನೇ ನರಸಿಂಹನ ದಂಡನಾಯಕ ಸೋಮನಾಥ ಕಟ್ಟಿಸಿದ ಕೇಶವ ದೇವಾಲಯ ಬೇಲೂರು, ಹಳೇಬೀಡುಗಳ ಜತೆ 2023ರ ಸೆಪ್ಟೆಂಬರಿನಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ನಕ್ಷತ್ರಾಕಾರದ ಜಗತಿಯ ಸುತ್ತ ನಡೆಯುತ್ತಾ ಮಾವ ಗೋಡೆಯ ವಿಗ್ರಹಗಳ ಪಾದದ ಕಡೆ ಬೆರಳು ತೋರಿಸಿದರು. ಮಲ್ಲಿತಮ್ಮ. ಇನ್ನೊಂದು ಮೂಲೆಯಲ್ಲಿ ಮತ್ತೆ ಮಲ್ಲಿತಮ್ಮ. ಏಳುನೂರು ವರ್ಷಕ್ಕೂ ಹಿಂದೆ ಶಿಲ್ಪಿಗಳು ತಾವು ಕಡೆದ ಮೂರ್ತಿಯ ಕೆಳಗೆ ಹೆಸರು ಕೆತ್ತಿದ್ದರಿಂದ ಇದು ಇಂಥವರ ಕೈಕೆಲಸ ಎಂದು ಇಂದು ಹೇಳಲು ಸಾಧ್ಯವಾಗಿದೆ.

ಆ ಹೆಸರುಗಳನ್ನು ಓದಿ, ಚಿತ್ರ ತೆಗೆಸಿ, ಪುಸ್ತಕ ಮಾಡಿದವರು ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು. ಸೋಮನಾಥಪುರದ ಕೇಶವ ದೇವಾಲಯವನ್ನು ಕುರಿತ ಅವರ ಸಚಿತ್ರ ಗ್ರಂಥ 1917ರದು. 1885ರಲ್ಲಿ ಶುರುವಾದ ಆ ಇಲಾಖೆಯವರು ಹಳ್ಳಿ ಹಳ್ಳಿ ತಿರುಗಿ ವರ್ಷಕ್ಕೊಂದು ವರದಿ ಒಪ್ಪಿಸುತ್ತಿದ್ದರು. ಆ ವರದಿಗಳ ಕೊನೆಯಲ್ಲಿ ಆ ವರ್ಷ ತೆಗೆದ ಛಾಯಾಚಿತ್ರಗಳ ಪಟ್ಟಿ ಇರುತ್ತಿತ್ತು: ಕ್ರಮಸಂಖ್ಯೆ, ಗಾಜಿನ ಫಲಕದ ಅಳತೆ, ಏನನ್ನು ಯಾವ ದಿಕ್ಕಿನಿಂದ ತೆಗೆದದ್ದು, ಊರು, ಜಿಲ್ಲೆ. ಒಣ ಪಟ್ಟಿ, ಓದಲು ಏನೂ ಸೊಗಸಿಲ್ಲ. ಆದರೆ ಊರಿನ ಗುಡಿ ಬಿದ್ದು ಹೋದಾಗ, ವಿಗ್ರಹ ಕಳುವಾದಾಗ, ಗೋಡೆಗೆ ಸುಣ್ಣ ಬಳಿದಾಗ ಅದು ಮೊದಲು ಹೇಗಿತ್ತೆಂದು ತೋರಿಸಲು ಇಂಥ ಪಟ್ಟಿಗಳೇ ಬೇಕು.

"ಇದನ್ನ ನಾನು ಒಪ್ತೀನಿ," ಎಂದರು ಮಾವ. "ಮನೆಯವರ ಪ್ರವಾಸಕ್ಕೂ ಇಂಥದ್ದೊಂದು ಪಟ್ಟಿ ಇದ್ದಿದ್ರೆ ಎಷ್ಟು ಚೆನ್ನಾಗಿರ್ತಿತ್ತು. ಎಲ್ಲಿ, ಯಾವತ್ತು, ಎಡದಿಂದ ಬಲಕ್ಕೆ ಯಾರ್ಯಾರು. ಫೋನಿಗೆ ಈಗ ಅದೆಲ್ಲ ತಾನೇ ಗೊತ್ತಿರುತ್ತೆ ಅಂತಾರೆ?"

"ಅರ್ಧ ಗೊತ್ತಿರುತ್ತೆ. ಹೊತ್ತು, ತಾರೀಖು ಚಿತ್ರದ ಒಳಗೇ ಬರೆದಿರುತ್ತೆ, ಲೊಕೇಶನ್ ಆನ್ ಇದ್ರೆ ಜಾಗವೂ. ಆದ್ರೆ ವಾಟ್ಸ್ಆ್ಯಪ್‌ನಲ್ಲಿ ಸುಮ್ಮನೆ ಫೋಟೋ ಅಂತ ಕಳಿಸಿದ್ರೆ ಚಿತ್ರ ಕುಗ್ಗುತ್ತೆ, ಆ ವಿವರವೂ ಉದುರಿ ಹೋಗುತ್ತೆ. ಬೇಕಾದ್ದನ್ನ ಡಾಕ್ಯುಮೆಂಟ್ ಅಂತ ಕಳಿಸಬೇಕು. ಒಂದೇ ಕಡೆ ಇಡಬಾರದು. ಫೋನಲ್ಲಿ ಒಂದು, ಹಾರ್ಡ್ ಡಿಸ್ಕಲ್ಲಿ ಒಂದು, ಬೇರೆ ಊರಿನ ನೆಂಟರ ಮನೇಲಿ ಒಂದು. ಇಷ್ಟಾದ್ರೂ ಫೋಟೋದಲ್ಲಿರೋ ಅಜ್ಜಿ ಯಾರು ಅಂತ ಯಾವ ಯಂತ್ರವೂ ಹೇಳಲ್ಲ."

"ನೂರಾರು ತೆಗೆದು ಹಾಕಿದ್ರೆ ಬರೆಯೋದು ಯಾವಾಗ?"

"ಎಲ್ಲಕ್ಕೂ ಬೇಡ ಮಾವ. ದಿನಕ್ಕೆ ಐದಾರು ಆರಿಸಿ. ನೀವು ರೀಲು ಹಾಕ್ತಿದ್ದಾಗ ಇದ್ದದ್ದೇ 36. ಒಂದೊಂದನ್ನೂ ಯೋಚನೆ ಮಾಡಿ ತೆಗೀತಿದ್ರಿ. ಈಗ ತೆಗೆಯೋವಾಗ ಮಾಡದ ಯೋಚನೇನ ರಾತ್ರಿ ಕೂತು ಮಾಡಬೇಕು, ಅಷ್ಟೇ. ನಾಲ್ಕು ಸಾಲು ಸಾಕು. ಅಂದಿನದನ್ನ ಅಂದೇ ಬರೀಬೇಕು. ಎರಡು ದಿನ ಬಿಟ್ರೆ ನೆನಪು ಫೋಟೋದಲ್ಲಿ ಇರೋದಕ್ಕೇ ಅಂಟ್ಕೊಂಡುಬಿಡುತ್ತೆ, ಚೌಕಟ್ಟಿನ ಹೊರಗಿದ್ದದ್ದು ಮರೆತೇ ಹೋಗುತ್ತೆ."

ನಂಜನಗೂಡಿನ ರಸಬಾಳೆಯ ರುಚಿ, ಬೆಳಗ್ಗೆ ತೆಗೆದುಕೊಂಡ ಹಣ್ಣಿನ ಬೆಲೆ, ಗಿಡಕ್ಕೆ ತಗಲುವ ಸೊರಗು ರೋಗದ ಬಗ್ಗೆ ಅಂಗಡಿಯಾತ ಹೇಳಿದ ಮಾತು, ಇವು ಆಕೆಯ ಪುಟದಲ್ಲಿದ್ದವು. ಮಾವನ ಚಿತ್ರದಲ್ಲಿ ಬಂದದ್ದು ಹಳದಿ ಚಿಪ್ಪು, ತಕ್ಕಡಿ, ಅಂಗಡಿಯಾತನ ಕೈ. ಎರಡನ್ನೂ ಒಂದೇ ಪುಟದಲ್ಲಿ ಇಡಬೇಕೆಂದು ಇಬ್ಬರೂ ಒಪ್ಪಿದರು. ಮೊದಲು ಯಾವುದು ಬರಬೇಕು ಎಂಬುದಕ್ಕೆ ಮಾತ್ರ ಬಸ್ಸು ತಿರುಗಿ ಸಂಗಮದ ಹತ್ತಿರ ಬರುವವರೆಗೂ ವಾದ ನಡೆಯಿತು.

ಕಾವೇರಿ, ಕಪಿಲೆ, ಕಣ್ಣಿಗೆ ಕಾಣದ ಸ್ಫಟಿಕ ಸರೋವರ ಮೂರೂ ಇಲ್ಲಿ ಕೂಡುತ್ತವೆಂಬ ನಂಬಿಕೆಯಿಂದ ಊರಿಗೆ ತಿರುಮಕೂಡಲು ಎಂದು ಹೆಸರು. ಒಂದು ದಡದಲ್ಲಿ ಅಗಸ್ತ್ಯೇಶ್ವರ, ಇನ್ನೊಂದು ದಡದಲ್ಲಿ ಗುಂಜಾ ನರಸಿಂಹ. 1989ರಿಂದ ಮೂರು ವರ್ಷಕ್ಕೊಮ್ಮೆಯ ಕುಂಭಮೇಳ ಇಲ್ಲಿ ನಡೆದುಕೊಂಡು ಬಂದಿದೆ. ನಡುವೆ ತಪ್ಪಿದ್ದೂ ಉಂಟು. 2025ರ ಫೆಬ್ರವರಿ 10ರಿಂದ 12ರವರೆಗೆ ನಡೆದಾಗ ಹೊಳೆಯ ತುಂಬ ಜನ. ಆಗಿನ ಚಿತ್ರಗಳಲ್ಲಿ ತಲೆಗಳ ಸಾಗರ ಕಾಣುತ್ತದೆ, ಒಬ್ಬರ ಮುಖವೂ ಕಾಣುವುದಿಲ್ಲ. ಈಗ ಮೆಟ್ಟಿಲ ಮೇಲೆ ಬಟ್ಟೆ ಒಗೆಯುವ ಇಬ್ಬರು, ಅಸ್ಥಿ ಬಿಡಲು ಬಂದ ಒಂದು ಕುಟುಂಬ, ತೆಪ್ಪದವನೊಬ್ಬ. ಕುಟುಂಬದವರ ಕಡೆಗೆ ಮಾವ ಬೆನ್ನು ತಿರುಗಿಸಿ ನಿಂತರು.

ತೆಪ್ಪದವನ ಬಳಿ ಹೋಗಿ, "ಒಂದು ಫೋಟೋ ತೆಗೀಲಾ ಯಜಮಾನ್ರೆ?" ಎಂದು ಕೇಳಿದರು.

"ತಗೊಳ್ಳಿ ಸಾಮಿ. ಬಂದೋರೆಲ್ಲ ತಗೀತಾರೆ. ಒಬ್ರೂ ಕೊಡಾಕಿಲ್ಲ."

ಮಾವ ಎರಡು ತೆಗೆದರು. ಒಂದರಲ್ಲಿ ತೆಪ್ಪ, ಹಿಂದೆ ಸಂಗಮದ ನೀರು, ಇಳಿಬಿಸಿಲು ಅವನ ಮುಖದ ಒಂದು ಪಕ್ಕಕ್ಕೆ ಬಿದ್ದಿದೆ. ಇನ್ನೊಂದರಲ್ಲಿ ಅವನು ಅರ್ಧ ತಿರುಗಿದ್ದಾನೆ, ದಡದಿಂದ ಓಡಿಬಂದ ಹುಡುಗನೊಬ್ಬ ಚೌಕಟ್ಟಿನ ಅಂಚಿನಲ್ಲಿ ಅಡ್ಡಡ್ಡ ಬಂದಿದ್ದಾನೆ. ಕ್ಯಾಮೆರಾದ ಪರದೆಯಲ್ಲಿ ಎರಡನ್ನೂ ತೋರಿಸಿ ಯಾವುದರ ಪ್ರಿಂಟ್ ಬೇಕು ಎಂದರು. ತೆಪ್ಪದವನು ಎರಡನೆಯದರ ಮೇಲೆ ಬೆರಳಿಟ್ಟ.

"ಇದು ಅಷ್ಟು ಸರಿ ಬಂದಿಲ್ವಲ್ಲಪ್ಪ. ಆ ಇನ್ನೊಂದು ನೋಡು, ಬೆಳಕು ಎಷ್ಟು ಚೆನ್ನಾಗಿ ಬಿದ್ದಿದೆ."

"ಅದ್ರಾಗೆ ನಾನೊಬ್ಬನೇ ಇವ್ನಿ. ಇದ್ರಾಗೆ ನನ್ ಮಗ ಅವ್ನೆ."

ಆಕೆ ನೋಟ್‌ಬುಕ್ ತೆಗೆದು, ಹೇಳಿದರೆ ಬರೆದುಕೊಳ್ಳುವೆನೆಂದು ಕೇಳಿದಳು. ತಂದೆ ಹೆಸರು, ಮಗನ ಹೆಸರು, ಅವನ ತರಗತಿ, ತೆಪ್ಪ ಯಾರು ಹೆಣೆದದ್ದು, ಯಾವ ತಿಂಗಳಲ್ಲಿ ನೀರು ಹೆಚ್ಚಾಗಿ ತೆಪ್ಪ ಇಳಿಸುವುದಿಲ್ಲ ಎಂಬುದನ್ನೆಲ್ಲ ಅವನು ಹೇಳುತ್ತಾ ಹೋದ. ಕಪಿಲೆಯ ನೀರು ಯಾವುದು, ಕಾವೇರಿಯ ನೀರು ಯಾವುದು ಎಂದು ಮಳೆಗಾಲದಲ್ಲಿ ಬಣ್ಣ ನೋಡಿಯೇ ಹೇಳಬಹುದು ಎಂದ. ಆಗ ಬಂದರೆ ತೋರಿಸುತ್ತೇನೆ ಎಂದೂ ಸೇರಿಸಿದ. ಆ ಚಿತ್ರವನ್ನೂ ತೆಗೆಯಬೇಕು ಎಂದರು ಮಾವ, ನಿಂತ ಜಾಗವನ್ನು ಗುರುತು ಮಾಡಿಕೊಳ್ಳುತ್ತಾ.

ವಿಳಾಸಕ್ಕೆ ದಡದ ಮೇಲಿನ ಟೀ ಅಂಗಡಿಯ ಹೆಸರು ಕೊಟ್ಟ ತೆಪ್ಪದವನು, ಹೊರಟವರನ್ನು ಮತ್ತೆ ಕೂಗಿ ಕರೆದ. ಪ್ರಿಂಟ್ ಒಂದಲ್ಲ, ಎರಡು ಬೇಕಂತೆ. ಒಂದು ಮನೆಗೆ, ಇನ್ನೊಂದು ನಂಜನಗೂಡಿಗೆ ಕೊಟ್ಟ ತಂಗಿಯ ಮನೆಗೆ.

"ಹಿಂದುಗಡೆ ಹೆಸರು ಬರ್ದೇ ಕೊಡ್ತೀವಿ," ಎಂದರು ಮಾವ.